ದುಂಡು ಕೊಡೆಯ ಸುಲೈಮಾನ್ ಬ್ಯಾರಿ

ವಿಟ್ಲದ ಪೇಟೆಯಲ್ಲಿ ಸುಳ್ಳು ಹೇಳುವವರಿಗೆ ಎಂದೂ ಬರಗಾಲ ಬಂದದ್ದಿಲ್ಲ. ಅಡಿಕೆಯ ರೇಟು, ಮಗನ ಸಂಬಳ, ಹಳೆ ಕಾರಿನ ಮೈಲೇಜು, ಎಲ್ಲದಕ್ಕೂ ಒಂದಿಷ್ಟು ಸೇರಿಸಿ ಹೇಳುವುದು ಊರಿನ ರೂಢಿ. ಕೇಳುವವರೂ ಅಷ್ಟನ್ನು ಕಳೆದೇ ಕೇಳುತ್ತಾರೆ, ಯಾರಿಗೂ ನಷ್ಟವಿಲ್ಲ. ಆದರೆ ಒಂದಕ್ಷರ ಸೇರಿಸದೆ ಸತ್ಯವನ್ನೇ ಹೇಳಿ ಸುಳ್ಳುಗಾರ ಎಂಬ ಹೆಸರು ಹೊತ್ತವರು ಆ ಪೇಟೆಯಲ್ಲಿ ಸುಲೈಮಾನ್ ಬ್ಯಾರಿ ಒಬ್ಬರೇ.

ಬಸ್‌ಸ್ಟ್ಯಾಂಡಿನ ಎದುರು ಅವರದೊಂದು ಬ್ಯಾಗಿನ ಅಂಗಡಿ. ಶಾಲೆ ಮಕ್ಕಳ ಬ್ಯಾಗು, ಗಲ್ಫಿಗೆ ಹೋಗುವವರ ದೊಡ್ಡ ಸೂಟ್‌ಕೇಸು, ಮಳೆಗಾಲಕ್ಕೆ ಕೊಡೆ, ರೈನ್‌ಕೋಟು. ಈಗ ವ್ಯಾಪಾರವೆಲ್ಲ ಮಗ ಬಾಸಿತ್‌ನದು. ಅರುವತ್ತೆಂಟು ದಾಟಿದ ಸುಲೈಮಾನ್ ಬ್ಯಾರಿ ಹಿಂದಿನ ಮೂಲೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಹರಿದ ಪಟ್ಟಿ ಹೊಲಿಯುತ್ತಾರೆ, ಕೆಟ್ಟ ಜಿಪ್ಪು ಬದಲಿಸುತ್ತಾರೆ. ಕಾಯುತ್ತ ನಿಂತ ಗಿರಾಕಿಗೆ ಪುರುಸೊತ್ತು ಉಂಟೆಂದು ಕಂಡರೆ ಸಾಕು, ಕನ್ನಡಕದ ಮೇಲಿಂದ ನೋಡಿ ಶುರು ಮಾಡುತ್ತಾರೆ: “ನಾನು ವಿಮಾನದಿಂದ ಹಾರಿದವ, ಗೊತ್ತುಂಟಾ?”

ಈ ಮಾತನ್ನು ಅವರು ಮೊದಲು ಹೇಳಿದ್ದು ತಂಗಿಯ ಮಗಳ ಮದುವೆಯಲ್ಲಿ, ಬಿರಿಯಾನಿ ಉಂಡ ಗಂಡಸರೆಲ್ಲ ಚಾಪೆಯ ಮೇಲೆ ಕಾಲು ಚಾಚಿದ್ದ ಹೊತ್ತಿನಲ್ಲಿ. “ಎಂಥ ಬಂಡಲು ಬಿಡ್ತೀರಿ ಕಾಕ!” ಎಂದ ಒಬ್ಬ. ಎಲ್ಲರೂ ನಕ್ಕರು. ಅಂದಿನಿಂದ ಅವರಿಗೆ ‘ಪ್ಯಾರಾಚೂಟ್ ಕಾಕ’ ಎಂಬ ಹೆಸರು ಅಂಟಿತು. ಬೇರೆಯವರಾಗಿದ್ದರೆ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದರು. ಸುಲೈಮಾನ್ ಬ್ಯಾರಿಯದು ಆ ಮಣ್ಣಲ್ಲ. ನಕ್ಕವರ ಮುಂದೆ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳುವ ಆಸಾಮಿ. ಸಾಕ್ಷಿಗೆಂದು ಅವರ ಬಳಿ ಇದ್ದದ್ದು ಒಂದೇ ಫೋಟೊ. ಅದರಲ್ಲಿ ನಿಂತವನ ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ದೊಡ್ಡ ಕನ್ನಡಕ, ಗಲ್ಲದವರೆಗೆ ಪಟ್ಟಿ. “ಇದು ನೀವೇ ಅಂತ ಎಂತ ಗ್ಯಾರಂಟಿ?” ಎಂದು ಜನ ಕೇಳಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆಮೇಲೆ ಆ ಫೋಟೊ ತೋರಿಸುವುದನ್ನೇ ಬಿಟ್ಟರು. ನಂಬುವವನಿಗೆ ಫೋಟೊ ಬೇಡ, ನಂಬದವನಿಗೆ ವಿಮಾನವನ್ನೇ ತಂದು ನಿಲ್ಲಿಸಿದರೂ ಸಾಲದು ಎಂಬುದು ಅವರ ವಾದ.

ನಡೆದದ್ದು ಇಷ್ಟು. ಎಂಬತ್ತರ ದಶಕದ ಆರಂಭದಲ್ಲಿ ಸುಲೈಮಾನ್ ಗಲ್ಫಿಗೆ ಹೋದದ್ದು ಟೆಂಟು ಹೊಲಿಯುವ ಕೆಲಸಕ್ಕೆ. ಅಲ್ಲಿ ಕಡಲ ಬದಿಯ ಮರಳಿನಲ್ಲಿ ಎಣ್ಣೆ ಕಂಪೆನಿಗಳ ಕೆಲವು ಬಿಳಿಯರು ಸೇರಿ ಒಂದು ಕ್ಲಬ್ಬು ಕಟ್ಟಿಕೊಂಡಿದ್ದರು. ಕ್ಲಬ್ಬು ಎಂದರೆ ಒಂದು ತಗಡಿನ ಶೆಡ್ಡು, ಬಾಗಿಲು ಕಿತ್ತಿಟ್ಟ ಒಂದು ಪುಟ್ಟ ವಿಮಾನ, ಮರಳಿನ ಮೇಲೆ ಸುಣ್ಣದಲ್ಲಿ ಬರೆದ ಒಂದು ವೃತ್ತ, ಅಷ್ಟೆ. ಶುಕ್ರವಾರ ಬಂದರೆ ಅವರೆಲ್ಲ ಮೇಲೆ ಹೋಗಿ ಹಾರುವುದು, ಬಂದು ಬೀಳುವುದು, ನಗುವುದು. ಆ ಕಾಲದಲ್ಲಿ ಅದೊಂದು ಆಟವೆಂದು ಅಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸೈನ್ಯದವರು ಬಳಸಿ ಬಿಟ್ಟ ದುಂಡು ಪ್ಯಾರಾಚೂಟುಗಳನ್ನು ಅಗ್ಗಕ್ಕೆ ತಂದು, ಬಟ್ಟೆಯಲ್ಲಿ ಅಲ್ಲಲ್ಲಿ ಕಿಟಕಿ ಕತ್ತರಿಸುತ್ತಿದ್ದರು. ಗಾಳಿ ಆ ಕಿಟಕಿಯಿಂದ ಹಿಂದಕ್ಕೆ ನುಗ್ಗಿದರೆ ಕೊಡೆ ಮುಂದಕ್ಕೆ ಹೋಗುತ್ತದೆ ಎಂಬುದು ಉಪಾಯ. ಕತ್ತರಿಸಿದ ಅಂಚು ಹೊಲಿಯಲು ಒಬ್ಬ ಟೈಲರ್ ಬೇಕಾಗಿತ್ತು. ಸುಲೈಮಾನ್ ಸಿಕ್ಕಿದರು.

ಹೊಲಿಯುತ್ತ ಹೊಲಿಯುತ್ತ ಮಡಚಲೂ ಕಲಿತರು. ಶೆಡ್ಡಿನ ನೆಲಕ್ಕೆ ಟಾರ್ಪಾಲು ಹಾಸಿ, ಬಟ್ಟೆಯನ್ನು ಉದ್ದಕ್ಕೆ ಚಾಚಿ, ಸೀರೆಯ ನೆರಿಗೆಯ ಹಾಗೆ ಒಂದೊಂದೇ ಎತ್ತಿ ಕೂರಿಸಬೇಕು. ಕ್ಲಬ್ಬಿನ ಯಜಮಾನ ಡೆರೆಕ್ ಎಂಬ ಕೆಂಪು ಗಡ್ಡದ ಇಂಗ್ಲಿಷಿನವನು. ಅವನದೊಂದು ಕಾನೂನು ಇತ್ತು: ಇನ್ನೊಬ್ಬನ ಕೊಡೆ ಮಡಚುವವನು ತಾನು ಮಡಚಿದ್ದನ್ನು ಬೆನ್ನಿಗೆ ಕಟ್ಟಿ ಒಮ್ಮೆಯಾದರೂ ಹಾರಿರಬೇಕು. ಇಲ್ಲವಾದರೆ ಆ ಕೈಯನ್ನು ಅವನು ನಂಬುವುದಿಲ್ಲ. “ನೀನು ಹಾರಲ್ಲ ಅಂದ್ರೆ ಪರವಾಗಿಲ್ಲ, ಹೊಲಿಗೆ ಮಾತ್ರ ಮಾಡು” ಎಂದ. ಆ ‘ಮಾತ್ರ’ ಎಂಬ ಮಾತು ಸುಲೈಮಾನರಿಗೆ ತಾಗಿತು. ಮರು ಶುಕ್ರವಾರ ಬೆಳಗ್ಗೆ ಬೆನ್ನಿಗೊಂದು ಮೂಟೆ, ಹೊಟ್ಟೆಗೊಂದು ಮೂಟೆ ಕಟ್ಟಿ, ಬಿಸ್ಮಿಲ್ಲಾ ಎಂದು ವಿಮಾನ ಹತ್ತಿದರು.

ಮೇಲೆ ಏನಾಯಿತೆಂದು ಕೇಳಿದರೆ ಅವರು ಹೇಳುವುದು ಗಾಳಿಯ ವಿಷಯವಲ್ಲ, ಎತ್ತರದ ವಿಷಯವೂ ಅಲ್ಲ. ಆಗ ಸುಲೈಮಾನರ ಪಾಸ್‌ಪೋರ್ಟು ಕಫೀಲನ ಕಪಾಟಿನಲ್ಲಿತ್ತು. ಅಲ್ಲಿ ಕೆಲಸ ಕೊಡಿಸಿ ಕಾಗದಪತ್ರ ಇಟ್ಟುಕೊಂಡ ಒಡೆಯನೇ ಕಫೀಲ. ಅವನನ್ನು ಕೇಳದೆ ಊರಿಗೆ ಬರುವಂತಿಲ್ಲ, ಕೆಲಸ ಬಿಡುವಂತಿಲ್ಲ, ಕಾಯಿಲೆ ಬೀಳುವಂತಿಲ್ಲ. ನೆಲದ ಮೇಲೆ ಎಲ್ಲಿ ನಿಂತರೂ ಅವರು ಇನ್ನೊಬ್ಬನ ಆಳು. ಆದರೆ ವಿಮಾನದ ಬಾಗಿಲು ದಾಟಿ, ಎಂಜಿನಿನ ಸದ್ದು ದೂರವಾಗಿ, ತಾನೇ ಹೊಲಿದು ತಾನೇ ಮಡಚಿದ ಕೊಡೆ ನೆತ್ತಿಯ ಮೇಲೆ ಅರಳಿದಾಗ, ಆ ಸದ್ದಿಲ್ಲದ ಜಾಗದಲ್ಲಿ ಅವರನ್ನು ಕರೆಯುವವರು, ಕಳಿಸುವವರು ಯಾರೂ ಇರಲಿಲ್ಲ. ಸುಲೈಮಾನರು ಅಳುವ ಮನುಷ್ಯನಲ್ಲ. ಆವತ್ತು ಅತ್ತರು. ಮರಳಿಗೆ ಬಿದ್ದು ಉರುಳಿ ಎದ್ದವರು ಮೊದಲು ಕೇಳಿದ್ದು, “ಇನ್ನೊಮ್ಮೆ ಯಾವಾಗ?”

ಆ ಕ್ಲಬ್ಬಿನಲ್ಲಿ ಯಾರು ಏನನ್ನು ಮೊದಲ ಸಲ ಮಾಡಿದರೂ ಉಳಿದವರಿಗೆ ಬಿಯರು ಕೊಡಿಸಬೇಕೆಂಬ ನೇಮವಿತ್ತು. ಸುಲೈಮಾನರು ಅದಕ್ಕೆ ಒಪ್ಪಲಿಲ್ಲ. ಮುಟ್ಟುವುದೂ ಇಲ್ಲ, ಮುಟ್ಟಿಸುವುದೂ ಇಲ್ಲ ಎಂದರು. ಬದಲಿಗೆ ಶೆಡ್ಡಿನ ಹಿಂದೆ ಸ್ಟವ್ ಹಚ್ಚಿ, ಮೈದಾಕ್ಕೆ ಹುಳಿ ಮಜ್ಜಿಗೆ ಕಲಸಿ, ಗೋಳಿಬಜೆ ಕರಿದರು. ತಿಂದ ಬಿಳಿಯರು ಆಮೇಲೆ ತಮ್ಮ ಬಿಯರು ಮರೆತರೂ ಇವರ ಬಜೆ ಮರೆಯಲಿಲ್ಲ.

ಒಂದು ತಪ್ಪನ್ನೂ ಮಾಡಿದರು, ಅದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು. ಕೊಡೆ ಬಿಡಿಸುವ ಮೊದಲು ಗಾಳಿಯಲ್ಲಿ ಹಾಗೇ ಬೀಳಬೇಕು, ಆಗ ಬಾಯಲ್ಲಿ ಎಣಿಸುತ್ತ ಬೀಳಬೇಕು. ಡೆರೆಕ್‌ನ ಇಂಗ್ಲಿಷ್ ಎಣಿಕೆ ನಿಧಾನದ್ದು. ಸುಲೈಮಾನರು ಬ್ಯಾರಿ ಭಾಷೆಯಲ್ಲಿ ಒನ್ನು, ರಂಡ್, ಮೂನು ಎಂದು ಅಂಗಡಿಯಲ್ಲಿ ತೆಂಗಿನಕಾಯಿ ಎಣಿಸಿದ ಹಾಗೆ ಎಣಿಸಿ, ವಿಮಾನದ ಬಾಲ ಇನ್ನೂ ತಲೆಯ ಮೇಲಿರುವಾಗಲೇ ಕೊಡೆಯ ಹಿಡಿ ಎಳೆದುಬಿಟ್ಟರು. ಡೆರೆಕ್ ಬಾಯಿಗೆ ಬಂದಂತೆ ಬೈದ. ಆಮೇಲೆ ಅವರು ಅಂಕೆಯನ್ನೇ ಬಿಟ್ಟು ಬಸ್ಸಿನ ಕಂಡಕ್ಟರು ಕೂಗುವ ಹಾಗೆ ಎಳೆದು ಕೂಗತೊಡಗಿದರು: ಬೀಸೀರೋಡ್, ಪಾಣೆಮಂಗಳೂರ್, ಮೆಲ್ಕಾರ್, ಕಲ್ಲಡ್ಕ. ಕಲ್ಲಡ್ಕ ಬಂದ ಕೂಡಲೇ ಎಳೆಯುವುದು. ಹೊತ್ತು ಸರಿಯಾಗಿ ಕೂತಿತು. ಬರಬರುತ್ತ ಡೆರೆಕ್ ಕೂಡ ಪಾಣೆಮಂಗಳೂರು, ಮೆಲ್ಕಾರು ಎಂದು ಕೂಗುತ್ತ ಹಾರುತ್ತಿದ್ದ. ಪಾಣೆಮಂಗಳೂರು ಎಲ್ಲಿದೆಯೆಂದು ಮಾತ್ರ ಅವನು ಒಮ್ಮೆಯೂ ಕೇಳಲಿಲ್ಲ.

ಆಮೇಲೆ ಅಲ್ಲಿಗೂ ಚೌಕದ ಕೊಡೆ ಬಂತು. ಹಣವಂತರು ಬಂದರು, ಗಾಜಿನ ಕಟ್ಟಡ ಬಂತು, ದುಂಡು ಕೊಡೆಗಳನ್ನು ಮೂಲೆಗೆ ಸೇರಿಸಿದರು. ಡೆರೆಕ್ ತನ್ನ ದೇಶಕ್ಕೆ ಹೋದ, ಸುಲೈಮಾನ್ ಬ್ಯಾರಿ ವಿಟ್ಲಕ್ಕೆ ಬಂದರು. “ಈಗಿನವರು ನಿಂತುಕೊಂಡೇ ಇಳಿಯುತ್ತಾರೆ, ಬೂಟಿಗೆ ಮಣ್ಣು ಕೂಡ ತಾಗುವುದಿಲ್ಲ. ನಾವು ಇಳಿದರೆ ನಾಲ್ಕು ದಿವಸ ಸೊಂಟ ಹೇಳುತ್ತಿತ್ತು” ಎಂದು ಅವರು ಹೇಳುವಾಗ ಆ ಸೊಂಟನೋವೇ ಒಂದು ಆಸ್ತಿಯೇನೋ ಎನ್ನುವಂತಿರುತ್ತದೆ.

ಊರೇ ನಕ್ಕರೂ ಅವರಿಗೆ ಅಷ್ಟು ನೋವಾಗುತ್ತಿರಲಿಲ್ಲ. ನೋವಾಗುತ್ತಿದ್ದದ್ದು ಹೆಂಡತಿ ನಬೀಸಾ ನಂಬದ್ದಕ್ಕೆ. ಆ ವರ್ಷಗಳಲ್ಲಿ ನಬೀಸಾ ವಿಟ್ಲದಲ್ಲಿ ಅತ್ತೆ ಮಾವನ ಜೊತೆ, ಕಂಕುಳಲ್ಲಿ ಬಾಸಿತ್, ಹೊಟ್ಟೆಯಲ್ಲಿ ಫರ್ಹಾನ. ಇಡೀ ಓಣಿಗೆ ಇದ್ದದ್ದು ಒಂದು ಫೋನು, ಅದೂ ಪೇಟೆಯ ದಿನಸಿ ಅಂಗಡಿಯಲ್ಲಿ. ಅಲ್ಲಿಂದ ಯಾರಾದರೂ ಓಡಿ ಬಂದರೆ ಆಕೆಯ ಎದೆ ಹಾರುತ್ತಿತ್ತು. ಗಲ್ಫಿನಿಂದ ಪೆಟ್ಟಿಗೆಯಲ್ಲಿ ಬಂದ ಹೆಣಗಳನ್ನು ಆಕೆ ನೋಡಿದ್ದರು. ಹಾಗಿರುವಾಗ ತನ್ನ ಗಂಡ ಅಲ್ಲಿ ಕೆಲಸವಿಲ್ಲದೆ ಆಕಾಶದಿಂದ ಧುಮುಕುತ್ತಿದ್ದ ಎಂದು ನಂಬುವುದು ಹೇಗೆ?

“ಸುಳ್ಳಾದ್ರೆ ನಿಮಗೇ ಒಳ್ಳೇದು” ಎಂದು ಒಮ್ಮೆ ಮುಖಕ್ಕೆ ಹೇಳಿದ್ದರು. “ಬಾಯಿ ಬಡಾಯಿ ಅಂತ ಬಿಟ್ಟೇನು. ಸತ್ಯ ಆದ್ರೆ ಮಾತ್ರ ಬಿಡ್ಲಿಕ್ಕಿಲ್ಲ. ಮೋಜಿಗೋಸ್ಕರ ನನ್ನನ್ನು ವಿಧವೆ ಮಾಡ್ಲಿಕ್ಕೆ ಹೊರಟವರು ಅಂತ ಆಗ್ತದಲ್ಲ.”

ಆದರೂ ಸುಲೈಮಾನ್ ಬ್ಯಾರಿ ಅದು ಸುಳ್ಳೆಂದು ಒಪ್ಪಲಿಲ್ಲ.

ಅರುವತ್ತೈದರ ನಂತರ ಇನ್ನೊಂದು ಕಾಟ ಶುರುವಾಯಿತು. ಎಲ್ಲರೂ ಅವರ ಕೈ ಹಿಡಿಯತೊಡಗಿದರು. ಮೆಟ್ಟಿಲಿಳಿದರೆ ಬಾಸಿತ್ ರಟ್ಟೆ ಹಿಡಿಯುತ್ತಾನೆ, ಬಸ್ಸಿಳಿದರೆ ಕಂಡಕ್ಟರು, ಪಳ್ಳಿಯಲ್ಲಿ ನಮಾಜು ಮುಗಿಸಿ ಏಳುವಾಗ ಪಕ್ಕದವನು. ಶುಗರು ಸ್ವಲ್ಪ ಇತ್ತು, ಮೊಣಕಾಲು ಕಟಕಟ ಅನ್ನುತ್ತಿತ್ತು, ಸುಳ್ಳಲ್ಲ. ಆದರೂ ಹಿಡಿದ ಪ್ರತಿ ಕೈಯೂ ಅವರಿಗೆ ಹಳೆಯ ಕಫೀಲನ ಕೈಯಂತೆ ಕಾಣುತ್ತಿತ್ತು. ಅವರ ಮನಸ್ಸಿನಲ್ಲಿ ಒಂದೇ ಆಸೆ ಗಟ್ಟಿಯಾಯಿತು: ಸಾಯುವ ಮೊದಲು ಒಂದೇ ಒಂದು ಸಲ ಮೇಲೆ ಹೋಗಬೇಕು, ಯಾರೂ ಹಿಡಿಯದೆ ತಾನೊಬ್ಬನೇ ಕೆಳಗಿಳಿಯಬೇಕು. ನಬೀಸಾ ನೋಡಬೇಕು.

ದುಬೈಯಲ್ಲಿರುವ ಮಗಳು ಫರ್ಹಾನ ಕರೆದಳು. “ಉಪ್ಪ, ಇಲ್ಲಿ ಈಗ ಯಾರನ್ನು ಬೇಕಾದ್ರೂ ಹಾರಿಸ್ತಾರೆ. ನಿಮ್ಮನ್ನು ಒಬ್ಬರ ಎದೆಗೆ ಕಟ್ಟಿ ಹಾರಿಸ್ತಾರೆ. ನೀವು ಎಂತ ಮಾಡ್ಲಿಕ್ಕೂ ಇಲ್ಲ, ನಗಾಡಿದ್ರೆ ಸಾಕು, ವಿಡಿಯೊ ಕೂಡ ಕೊಡ್ತಾರೆ.” ಅವಳು ಕಳಿಸಿದ ವಿಡಿಯೊದಲ್ಲಿ ದೊಡ್ಡ ಮನುಷ್ಯರೇ ಇನ್ನೊಬ್ಬನ ಹೊಟ್ಟೆಗೆ ಅಂಟಿಕೊಂಡು ಕೈಕಾಲು ಬಡಿಯುತ್ತಿದ್ದರು. “ಮಂಗನ ಮರಿ ಹಾಗೆ ಹೋಗ್ಲಿಕ್ಕೆ ನನಗೆ ಆಗುದಿಲ್ಲ ಮಗಳೇ” ಎಂದು ಸುಲೈಮಾನ್ ಬ್ಯಾರಿ ಫೋನಿಟ್ಟರು. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದನ್ನು ಹೀಗೆ ಮುಖಕ್ಕೆ ಹೊಡೆದ ಹಾಗೆ ತಿರುಗಿಸಬಾರದು, ನಿಜ. ಆದರೆ ಅವರು ಹಾಗೆಯೇ.

ಇದಾಗಿ ಸ್ವಲ್ಪ ಸಮಯದಲ್ಲಿ, ಡಿಸೆಂಬರಿನ ಒಂದು ದಿನ, ಅಂಗಡಿಯಲ್ಲಿ ಬಾಸಿತ್‌ನ ಮೊಬೈಲಿನಲ್ಲಿ ಒಂದು ಸ್ಟೇಟಸ್ ಓಡುತ್ತಿತ್ತು. ಮೂಡುಬಿದಿರೆಯ ಬಳಿ ಪುತ್ತಿಗೆಯ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಚಪ್ಪಟೆ ಬಯಲಿನಲ್ಲಿ, ಯಾರೋ ಜೀಪಿಗೆ ಹಗ್ಗ ಕಟ್ಟಿ ಜನರನ್ನು ಮೇಲಕ್ಕೆ ಎಳೆಯುತ್ತಿದ್ದರು. ಪ್ಯಾರಾಸೈಲಿಂಗ್. ಸುಲೈಮಾನ್ ಬ್ಯಾರಿ ಜಿಪ್ಪು ಕೆಳಗಿಟ್ಟು ಮೊಬೈಲು ಕಸಿದುಕೊಂಡರು. ಮೇಲೇರುತ್ತಿದ್ದ ಕೊಡೆ ದುಂಡಗಿತ್ತು. ಹಿಂಬದಿಯಲ್ಲಿ ಸಾಲಾಗಿ ಕಿಟಕಿಗಳಿದ್ದವು.

“ಇದು ನಮ್ಮದು!” ಎಂದರು.

“ಎಂತ ನಮ್ಮದು?” ಎಂದ ಬಾಸಿತ್.

ಮುಂದಿನ ಭಾನುವಾರ ಯಾರಿಗೂ ಹೇಳದೆ ಬೀಸೀರೋಡಿಗೆ ಬಂದು, ಸಿದ್ಧಕಟ್ಟೆಯ ದಾರಿಯ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದರು. ಅಲ್ಲಿಂದ ರಿಕ್ಷಾ. ಪದವಿನ ಮೇಲೆ ಒಣಗಿದ ಮುಳಿಹುಲ್ಲು, ಅಂಚಿನಲ್ಲಿ ಗೇರುಮರಗಳು, ನಡುವೆ ಒಂದು ಹಳೆ ಜೀಪು. ಕೆಲಸದ ಯಜಮಾನಿ ವಿಸ್ಮಿತಾ ಎಂಬ ಹುಡುಗಿ, ಮುಂಡಾಜೆಯವಳು. ಕಾಲೇಜಿನ ಎನ್‌ಸಿಸಿಯಲ್ಲಿ ಇದರ ರುಚಿ ಹತ್ತಿ, ಉತ್ತರದ ಕಡೆ ಹೋಗಿ ಸರಿಯಾಗಿ ಕಲಿತು ಬಂದಿದ್ದಳು. ಜೀಪು ಓಡಿಸುವವನು ಅವಳ ಅಣ್ಣ ಅಶೋಕ್.

“ನೋಡ್ಲಿಕ್ಕೆ ಬಂದದ್ದಾ ಕಾಕ?” ಎಂದು ಕೇಳಿದಳು.

“ನೋಡ್ಲಿಕ್ಕಲ್ಲ. ಹೋಗ್ಲಿಕ್ಕೆ.”

“ಪ್ರಾಯ ಎಷ್ಟಾಯ್ತು?”

“ಆಕಾಶವೇ ಕೇಳುದಿಲ್ಲ, ನೀನು ಕೇಳ್ತೀಯಲ್ಲ ಮಗಳೇ.”

“ಆಕಾಶಕ್ಕೆ ಇನ್ಶೂರೆನ್ಸ್ ಇಲ್ಲ ಕಾಕ, ನನಗುಂಟು. ಅರವತ್ತರ ಮೇಲಿನವರನ್ನು ಬಿಡುವ ಹಾಗಿಲ್ಲ.”

ಸುಲೈಮಾನ್ ಬ್ಯಾರಿ ಜಗಳ ಮಾಡಲಿಲ್ಲ. ಗೇರುಮರದಡಿ ಕೂತು ಸಂಜೆಯವರೆಗೆ ನೋಡಿದರು. ಅದರ ಮುಂದಿನ ಭಾನುವಾರವೂ ಬಂದರು, ಆಮೇಲೂ ಬಂದರು. ಕೊನೆಗೊಮ್ಮೆ ಚಾ ಕುಡಿಯುವಾಗ ಅವಳೇ ಬಂದು ಪಕ್ಕದಲ್ಲಿ ಕೂತಳು. ಅವರು ಎಲ್ಲ ಹೇಳಿದರು. ವಿಸ್ಮಿತಾ ನಗಲಿಲ್ಲ. ಇಷ್ಟು ವರ್ಷಗಳಲ್ಲಿ ಕತೆ ಕೇಳಿ ನಗದೆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

“ಹೆದರಿಕೆ ಆಗ್ಲಿಲ್ವಾ ಕಾಕ?”

“ಆಯ್ತು. ಆದ್ರೆ ಅದು ನನ್ನದೇ ಹೆದರಿಕೆ. ಬೇರೆದೆಲ್ಲ ಕಫೀಲ ಕೊಟ್ಟದ್ದು.”

ಗಾಳಿಯಲ್ಲಿ ತೂಗಾಡುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ಮುಂಡಾಜೆಯಲ್ಲಿ ಅವಳಿಗೂ ಕೇಳಿ ಕೇಳಿ ಕಿವಿ ತೂತಾಗಿತ್ತು. “ಒಂದು ಮಾಡುವ” ಎಂದಳು. “ಡಾಕ್ಟರ ಹತ್ರ ತೋರಿಸಿ ಬನ್ನಿ. ಮನೆಯವರು ಬಂದು ನನ್ನ ಎದುರು ‘ಆಗಬಹುದು’ ಅಂತ ಹೇಳಲಿ. ಮತ್ತೆ ನೋಡುವ.” ಮನೆಯವರು ಎಲ್ಲಿ ಒಪ್ಪುತ್ತಾರೆ ಎಂಬ ಧೈರ್ಯ ಅವಳಿಗೆ ಇದ್ದಿರಬೇಕು.

ಮನೆಯಲ್ಲಿ ಬಾಸಿತ್ ಹಾರಾಡಿದ. “ಅರವತ್ತಕ್ಕೆ ಅರಳು ಮರಳು ಅಂತ ಹೇಳುದು ಇದಕ್ಕೇ! ಜಮಾತಿನವರು ಎಂತ ಹೇಳಿಯಾರು? ಅಂಗಡಿಗೆ ಬಂದವರು ನಗಾಡುದು ಸಾಲದಾ?” ಸುಲೈಮಾನ್ ಬ್ಯಾರಿ ಅವನ ಕಡೆ ನೋಡಲೇ ಇಲ್ಲ. ನಬೀಸಾರನ್ನೇ ನೋಡುತ್ತಿದ್ದರು. ಸುಲೈಮಾನರ ಹೃದಯ ಚೆನ್ನಾಗಿದೆಯೆಂದು ಡಾಕ್ಟರು ಹೇಳಿಯಾಗಿತ್ತು. ಆದರೆ ಅದು ಎಷ್ಟು ಜೋರು ಹೊಡೆದುಕೊಳ್ಳುತ್ತಿತ್ತೆಂದರೆ ಹೊರಗೆ ಕೇಳಿಸೀತು ಅನಿಸಿತು. ಈಕೆ ಬೇಡ ಎಂದರೆ ಮುಗಿಯಿತು. ಇನ್ನು ಉಳಿದದ್ದು ಮೆಟ್ಟಿಲು, ರಟ್ಟೆ, ಇನ್ನೊಬ್ಬರ ಕೈ.

ನಬೀಸಾ ಅಕ್ಕಿಹಿಟ್ಟಿನ ಪತ್ತಿರಿಯನ್ನು ಕಾವಲಿಯಿಂದ ತೆಗೆದು ತಟ್ಟೆಗೆ ಹಾಕಿದರು. “ಹೋಗಲಿ” ಎಂದರು. “ನಲ್ವತ್ತು ವರ್ಷದಿಂದ ಕೇಳಿ ಕೇಳಿ ನನಗೂ ಸಾಕಾಗಿದೆ. ಒಮ್ಮೆ ಕಣ್ಣಾರೆ ನೋಡುವ. ಕಾಲು ನೆಲ ಬಿಟ್ಟ ಕೂಡ್ಲೇ ಬೊಬ್ಬೆ ಹಾಕ್ತಾರೆ, ಮತ್ತೆ ಜನ್ಮದಲ್ಲಿ ಪ್ಯಾರಾಚೂಟಿನ ಹೆಸರು ಹೇಳ್ಲಿಕ್ಕಿಲ್ಲ. ಈ ಬಾಯಿ ಬಂದ್ ಆಗ್ಬೇಕಾದ್ರೆ ಇದೇ ದಾರಿ.”

ಕಾರಣ ಏನೇ ಇರಲಿ, ಒಪ್ಪಿಗೆ ಒಪ್ಪಿಗೆಯೇ. ಸುಲೈಮಾನ್ ಬ್ಯಾರಿ ಆ ರಾತ್ರಿ ನಾಲ್ಕು ಪತ್ತಿರಿ ಹೆಚ್ಚಿಗೆ ತಿಂದರು.

ಭಾನುವಾರ ಬಾಸಿತ್ ಮುಖ ಗಂಟಿಕ್ಕಿಕೊಂಡೇ ಕಾರು ಓಡಿಸಿದ. ಪದವಿನಲ್ಲಿ ನಬೀಸಾ ಕಾರಿನಿಂದಿಳಿದು ನೇರ ವಿಸ್ಮಿತಾಳ ಹತ್ತಿರ ಹೋಗಿ, “ಆಗಬಹುದು ಮಗಳೇ, ನಾನು ಹೇಳ್ತಿದ್ದೇನೆ. ಬೊಬ್ಬೆ ಹಾಕಿದ ಕೂಡ್ಲೇ ಇಳಿಸಿದ್ರೆ ಆಯ್ತು” ಎಂದರು. ವಿಸ್ಮಿತಾಳಿಗೆ ಬೇರೆ ದಾರಿ ಉಳಿಯಲಿಲ್ಲ. ಬೆಳಗ್ಗಿನ ಗಾಳಿ ಘಟ್ಟದ ಕಡೆಯಿಂದ ಒಂದೇ ಸಮನೆ, ಮೆಲ್ಲಗೆ ಬರುತ್ತಿತ್ತು. ಅವಳೇ ಸುಲೈಮಾನ್ ಬ್ಯಾರಿಗೆ ಪಟ್ಟಿ ಬಿಗಿದು, ಹೆಲ್ಮೆಟ್ಟು ಹಾಕಿ, ಎರಡೆರಡು ಸಲ ಎಳೆದು ನೋಡಿದಳು. ಎದೆಯ ಬಳಿ ಹಗ್ಗದ ಕೊಕ್ಕೆ, ಅದರಲ್ಲೊಂದು ಕೆಂಪು ಹಿಡಿ.

“ಇದು ಅಪಾಯ ಬಂದ್ರೆ ಮಾತ್ರ. ಎಳೆದ್ರೆ ಹಗ್ಗ ಬಿಟ್ಟು ಹೋಗ್ತದೆ. ನೀವು ಮುಟ್ಲಿಕ್ಕಿಲ್ಲ. ನಾನು ಬಾವುಟ ತೋರಿಸ್ತೇನೆ, ಅಶೋಕಣ್ಣ ಜೀಪು ನಿಧಾನ ಮಾಡ್ತಾನೆ, ನೀವು ಮೆಲ್ಲಗೆ ಇಳೀತೀರಿ. ಗೊತ್ತಾಯ್ತಲ್ಲ?”

“ಗೊತ್ತಾಯ್ತು” ಎಂದರು ಸುಲೈಮಾನ್ ಬ್ಯಾರಿ. ಗೊತ್ತಾಯಿತು ಎಂದರು, ಆಗಲಿ ಎನ್ನಲಿಲ್ಲ. ಅವರು ಸುಳ್ಳು ಹೇಳುವ ಮನುಷ್ಯನಲ್ಲವಲ್ಲ.

ಜೀಪು ಹೊರಟಿತು. ಹಗ್ಗ ಬಿಗಿಯಿತು. ಹಿಂದೆ ಇಬ್ಬರು ಎತ್ತಿ ಹಿಡಿದಿದ್ದ ಕೊಡೆ ಫಡ್ ಎಂದು ತುಂಬಿಕೊಂಡಿತು. ಸುಲೈಮಾನ್ ಬ್ಯಾರಿ ನಾಲ್ಕು ಹೆಜ್ಜೆ ಓಡಿದರಷ್ಟೆ, ಐದನೆಯದು ಗಾಳಿಯ ಮೇಲೆ ಬಿತ್ತು. ಗೇರುಮರಗಳು ಕೆಳಗೆ ಹೋದವು. ಬಾಸಿತ್‌ನ ಕಾರು ಸಣ್ಣದಾಯಿತು. ಅವರು ಬೊಬ್ಬೆ ಹಾಕಲಿಲ್ಲ. ತಲೆಯೆತ್ತಿ ನೋಡಿದರು: ದುಂಡು ಬಟ್ಟೆ, ಕಿಟಕಿಗಳು, ಕಿಟಕಿಗಳಾಚೆ ಬೆಳಗಿನ ಆಕಾಶ. ನಲವತ್ತು ವರ್ಷ ಎಲ್ಲಿಗೆ ಹೋಯಿತೋ ಏನೋ. ಕಣ್ಣು ತುಂಬಿತು. ಆದರೆ ಎದೆಯ ಮುಂದೆ ಹಗ್ಗ ಬಿಗಿದೇ ಇತ್ತು. ಅತ್ತ ತುದಿಯಲ್ಲಿ ಜೀಪು. ಜೀಪು ಹೋದ ಕಡೆ ಇವರು ಹೋಗಬೇಕು, ನಿಲ್ಲಿಸಿದರೆ ಇಳಿಯಬೇಕು. ಇಷ್ಟು ಮೇಲೆ ಬಂದೂ ಒಬ್ಬ ಕಫೀಲ!

ಕೆಳಗೆ ವಿಸ್ಮಿತಾ ಬಾವುಟ ಎತ್ತಿದಳು. ಹಗ್ಗ ಒಂದಿಷ್ಟು ಸಡಿಲಾಯಿತು. ಸುಲೈಮಾನ್ ಬ್ಯಾರಿ ಕೆಂಪು ಹಿಡಿಯನ್ನು ಎಳೆದರು.

ಹಗ್ಗ ಹಾವಿನಂತೆ ಸುರುಳಿ ಸುತ್ತುತ್ತ ಕೆಳಗೆ ಹೋಯಿತು. ಕೆಳಗಿಂದ ಒಂದು ಕೂಗು ಕೇಳಿತು, ಅದು ಬಾಸಿತ್‌ನದು. ಆಮೇಲೆ ಏನೂ ಇಲ್ಲ. ಅದೇ ಸದ್ದಿಲ್ಲದ ಜಾಗ. ಕೊಡೆ ಒಮ್ಮೆ ತೂಗಿ ನೆಟ್ಟಗಾಯಿತು. ಅವರು ಬಲಗಡೆಯ ಪಟ್ಟಿ ಜಗ್ಗಿದರು, ಜೀಪಿನಿಂದ, ಕಾರಿನಿಂದ ದೂರ, ಖಾಲಿ ಹುಲ್ಲಿನ ಕಡೆಗೆ ಮುಖ ತಿರುಗಿತು. ಹೆಚ್ಚೆಂದರೆ ಹತ್ತಿಪ್ಪತ್ತು ಉಸಿರಿನಷ್ಟು ಹೊತ್ತು. ಅಷ್ಟು ಹೊತ್ತು ಅವರನ್ನು ಹಿಡಿದವರು ಯಾರೂ ಇರಲಿಲ್ಲ. ನೆಲ ಹತ್ತಿರ ಬಂದಾಗ ಕಾಲು ಜೋಡಿಸಿ, ಮೊಣಕಾಲು ಮಡಚಿ, ಪಕ್ಕಕ್ಕೆ ಉರುಳಲು ತಯಾರಾದರು. ಮೈಗೆ ಎಲ್ಲ ನೆನಪಿತ್ತು. ಹುಲ್ಲಿನಡಿ ಮುರಕಲ್ಲು ಉಂಟೆಂಬುದು ಮಾತ್ರ ಮರಳಿನಲ್ಲಿ ಇಳಿದು ಕಲಿತ ಮೈಗೆ ಗೊತ್ತಿರಲಿಲ್ಲ. ಎಡಗಾಲಿನ ಗಂಟು ಟಕ್ ಎಂದಿತು. ಉರುಳಿದರು.

ಎಲ್ಲರೂ ಓಡಿ ಬರುವಾಗ ಅವರು ಆಕಾಶ ನೋಡುತ್ತ ಬಿದ್ದುಕೊಂಡು ನಗುತ್ತಿದ್ದರು. ವಿಸ್ಮಿತಾಳ ಮುಖದಲ್ಲಿ ರಕ್ತವಿರಲಿಲ್ಲ. “ಕಾಕ, ಮುಟ್ಟಬೇಡಿ ಅಂತ ಹೇಳಿದ್ದೆನಲ್ಲ! ನನ್ನ ಹೊಟ್ಟೆಗೆ ಹೊಡೆದ್ರಲ್ಲ!” ಎಂದಳು. ಆಗ ಸುಲೈಮಾನ್ ಬ್ಯಾರಿಯ ನಗು ನಿಂತಿತು. ಅವಳ ಬಗ್ಗೆ ಅವರು ಯೋಚಿಸಿಯೇ ಇರಲಿಲ್ಲ. ನಬೀಸಾ ಎಲ್ಲರ ಹಿಂದೆ ನಿಂತಿದ್ದರು.

ಬಾಸಿತ್ ಕಾರನ್ನು ಮೂಡುಬಿದಿರೆ ಪೇಟೆಯ ಆಸ್ಪತ್ರೆಗೆ ಓಡಿಸಿದ. ಜೀಪಿನಲ್ಲಿ ಹಿಂದಿನಿಂದ ವಿಸ್ಮಿತಾ ಬಂದಳು. ಎಕ್ಸ್‌ರೇ ಆಯಿತು. ಎಲುಬು ಬಿರುಕು ಬಿಟ್ಟಿತ್ತು, ಪ್ಲಾಸ್ಟರ್ ಹಾಕಬೇಕು. ಡಾಕ್ಟರು ಚಿಕ್ಕ ಪ್ರಾಯದವರು, ದಿನಕ್ಕೆ ಇಂಥ ಹತ್ತು ಮುದುಕರನ್ನು ನೋಡುವವರು.

“ಅಜ್ಜ ಎಲ್ಲಿ ಬಿದ್ದದ್ದು? ಬಚ್ಚಲಲ್ಲಾ?”

ಬಾಸಿತ್ ಮುಂದೆ ಬಂದ. ಊರಲ್ಲಿ ಏನು ಹೇಳುವುದೆಂದು ಅವನು ದಾರಿಯುದ್ದಕ್ಕೂ ಯೋಚಿಸಿದ್ದ. “ಪ್ಯಾರಾಸೈಲಿಂಗ್‌ಗೆ ಹೋಗಿದ್ರು ಡಾಕ್ಟ್ರೆ. ಹಗ್ಗದ ಕೊಕ್ಕೆ ಕಳಚಿ ಬಿದ್ರು.”

ಬಾಗಿಲಲ್ಲಿ ನಿಂತಿದ್ದ ವಿಸ್ಮಿತಾ ತಲೆ ತಗ್ಗಿಸಿದಳು. ಕೊಕ್ಕೆ ಕಳಚಿತು ಎಂಬ ಒಂದು ಮಾತು ಹೊರಗೆ ಹೋದರೆ ನಾಳೆಯಿಂದ ಆ ಪದವಿಗೆ ಜೀಪು ಹತ್ತುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಸುಲೈಮಾನ್ ಬ್ಯಾರಿ ಮಂಚದ ಮೇಲೆ ಎದ್ದು ಕೂತರು. “ಕೊಕ್ಕೆ ಕಳಚಲಿಲ್ಲ. ಕೊಕ್ಕೆ ಸರಿ ಇತ್ತು, ಹಗ್ಗ ಸರಿ ಇತ್ತು, ಈ ಹುಡುಗಿ ಬೇಡ ಅಂತಲೂ ಹೇಳಿದ್ಲು. ನಾನೇ ಬಿಡಿಸಿದ್ದು. ನಾನು ಬಿದ್ದದ್ದಲ್ಲ ಡಾಕ್ಟ್ರೆ. ಹಾರಿದ್ದು.”

ಡಾಕ್ಟರು ನಕ್ಕರು. ಕೆಟ್ಟ ನಗುವಲ್ಲ, ಮುದುಕರ ಮುಂದೆ ಎಲ್ಲರೂ ನಗುವ ನಗು. ಮಗನ ಮಾತು ಒಂದು, ಅಪ್ಪನ ಮಾತು ಇನ್ನೊಂದು. ಸರಿಯಾದ ಉತ್ತರಕ್ಕಾಗಿ ನಬೀಸಾರ ಕಡೆ ತಿರುಗಿದರು. “ನೀವು ಹೇಳಿ ಅಮ್ಮ, ಎಂತ ಆದದ್ದು?”

ನಬೀಸಾ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು. ಕೊಕ್ಕೆ ಕಳಚಿತು ಎಂದರೆ ಆಯಿತು, ಗಂಡ ಆಗ ಸುಳ್ಳುಗಾರ, ಈಗ ಪಾಪದ ಮುದುಕ. ನಲವತ್ತು ವರ್ಷ ಕಟ್ಟಿಕೊಂಡ ಸಮಾಧಾನ ಹಾಗೇ ಉಳಿಯುತ್ತಿತ್ತು. ಆಕೆ ಗಂಡನ ಮುಖ ನೋಡಿದರು, ಬಾಗಿಲ ಬಳಿಯ ಹುಡುಗಿಯನ್ನು ನೋಡಿದರು.

“ಅವರು ಹೇಳಿದ್ದೇ ಸರಿ” ಎಂದರು. “ಹಾರಿದ್ದು. ಎದೆಗೆ ಕೈ ಹಾಕಿ ಎಳೆದದ್ದನ್ನು ನಾನು ನೋಡಿದ್ದೇನೆ. ಹಾಗೇ ಬರ್ಕೊಳ್ಳಿ.”

ಬಾಸಿತ್ “ಉಮ್ಮಾ!” ಎಂದ. ಆಕೆ ಅವನಿಗೆ ಸುಮ್ಮನಿರು ಎಂದು ಕೈ ಮಾಡಿದರು.

ಪ್ಲಾಸ್ಟರ್ ಕಟ್ಟಿ ಎಲ್ಲರೂ ಹೊರಗೆ ಹೋದ ಮೇಲೆ ನಬೀಸಾ ಮಂಚದ ಪಕ್ಕ ಸ್ಟೂಲೆಳೆದು ಕೂತರು.

“ಅಂದ್ರೆ ಆಗಲೂ ಹಾರಿದ್ರಿ.”

“ಹಾರಿದ್ದೆ.”

“ನಾನು ಇಲ್ಲಿ ಎರಡು ಮಕ್ಕಳನ್ನು ಕಟ್ಕೊಂಡು ಫೋನು ಬಂದ್ರೆ ನಡುಗ್ತಾ ಕೂತದ್ದು. ನೀವು ಅಲ್ಲಿ ಹಾರ್ತಾ ಇದ್ದದ್ದು.”

“ಹೌದು.”

“ತಪ್ಪಾಯ್ತು ಅಂತ ಹೇಳಿ.”

ಸುಲೈಮಾನ್ ಬ್ಯಾರಿ ಹೆಂಡತಿಯ ಕಣ್ಣಿನಲ್ಲಿ ನೀರು ನೋಡಿದರು. ಏನು ಬೇಕಾದರೂ ಹೇಳಬಹುದಿತ್ತು, ಆ ಗಳಿಗೆಯಲ್ಲಿ ಹೇಳಿದರೆ ಒಳ್ಳೆಯದೇ ಆಗುತ್ತಿತ್ತು.

“ನಿನಗೆ ಹೇಳದೆ ಇದ್ದದ್ದು ತಪ್ಪು” ಎಂದರು. “ಹಾರಿದ್ದು ತಪ್ಪಲ್ಲ. ಅದನ್ನು ತಪ್ಪು ಅಂತ ಹೇಳ್ಲಿಕ್ಕಿಲ್ಲ ನಾನು.”

ನಬೀಸಾ ಸೆರಗಿನಿಂದ ಮೂಗೊರಸಿಕೊಂಡರು. ಎದ್ದು, ಅವರ ಪ್ಲಾಸ್ಟರ್ ಕಾಲಿನ ಅಡಿಯ ದಿಂಬನ್ನು ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಎಳೆದು ಸರಿಮಾಡಿದರು. ಸುಲೈಮಾನ್ ಬ್ಯಾರಿ ಹಲ್ಲು ಕಚ್ಚಿದರು.

“ನೋಯ್ತದಾ?” ಎಂದು ನಬೀಸಾ ಕೇಳಿದರು.

“ಹೂಂ.”

“ನೋಯಲಿ” ಎಂದು ಆಕೆ ಮತ್ತೆ ಸ್ಟೂಲಿನ ಮೇಲೆ ಕೂತರು. “ಈಗ ಹೇಳಿ. ಮೊದಲ ಸಲದಿಂದ ಹೇಳಿ. ಒಂದನ್ನೂ ಬಿಡಬೇಡಿ.”